ಐಸ್ ಪ್ಲಾಂಟ್‌ನಲ್ಲಿ ಅಮೋನಿಯಾ ಸೋರಿಕೆ: ಹಲವು ಅನಿಲಗಳ ಮಿಶ್ರಣವನ್ನು ಸಿಮ್ಯುಲೇಶನ್‌ನಲ್ಲಿ ಹೇಗೆ ಕಟ್ಟಬೇಕು?

ಪ್ರಶ್ನೆ: ಉದ್ಯಾವರ ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ಎಂ.ಟೆಕ್. ಪ್ರಾಜೆಕ್ಟಿಗಾಗಿ ಮಲ್ಪೆ ಬಂದರಿನ ಸುತ್ತ ಇರುವಂಥ ಒಂದು ಐಸ್ ಪ್ಲಾಂಟ್‌ನ ಕಂಪ್ರೆಸರ್ ಕೋಣೆಯನ್ನು ಆನ್ಸಿಸ್ ಫ್ಲೂಯೆಂಟ್ ಎಂಬ, ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತಿದ್ದೇನೆ. ತಂಪು ಮಾಡಲು ಬಳಸುವ ಅಮೋನಿಯಾ ಸೋರಿದರೆ ಅದು ಕೋಣೆಯೊಳಗೆ ಎತ್ತ ಹರಡುತ್ತದೆ, ಎಕ್ಸಾಸ್ಟ್ ಫ್ಯಾನ್ ಯಾವ ಎತ್ತರದಲ್ಲಿದ್ದರೆ ಕೆಲಸದವರಿಗೆ ಬಾಗಿಲಿನವರೆಗೆ ಬರುವಷ್ಟು ಸಮಯ ಸಿಗುತ್ತದೆ ಎಂಬುದು ನನ್ನ ವಿಷಯ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ ಈ ಪ್ಲಾಂಟ್‌ಗಳು ಹಗಲು ರಾತ್ರಿ ಓಡುತ್ತವೆ. ಆ ಸಮಯದ ಗಾಳಿಯಲ್ಲಿ ತೇವಾಂಶವೂ ಬಹಳ ಇರುವುದರಿಂದ ನೀರಾವಿಯನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ.

ಕೋಣೆ 12 ಮೀಟರ್ ಉದ್ದ, 8 ಮೀಟರ್ ಅಗಲ, 5 ಮೀಟರ್ ಎತ್ತರದ್ದು. ಬೆರೆತ ಘಟಕಗಳ ಪ್ರಮಾಣವನ್ನು ಜಾಗದಿಂದ ಜಾಗಕ್ಕೆ ಲೆಕ್ಕ ಹಾಕುವ ಸ್ಪೀಷೀಸ್ ಟ್ರಾನ್ಸ್‌ಪೋರ್ಟ್ ಮಾಡೆಲ್‌ನಲ್ಲಿ ಆಮ್ಲಜನಕ, ಸಾರಜನಕ, ನೀರಾವಿ, ಅಮೋನಿಯಾ ಎಂಬ ನಾಲ್ಕು ಘಟಕಗಳನ್ನು ಇದೇ ಕ್ರಮದಲ್ಲಿ ಕೊಟ್ಟಿದ್ದೇನೆ. ಸಾಂದ್ರತೆಗೆ ಇನ್‌ಕಂಪ್ರೆಸಿಬಲ್ ಐಡಿಯಲ್ ಗ್ಯಾಸ್ ನಿಯಮ, ಪ್ರಕ್ಷುಬ್ಧ ಹರಿವಿಗೆ ಕೆ-ಎಪ್ಸಿಲಾನ್ ಮಾಡೆಲ್, ಗುರುತ್ವ ಹಾಗೂ ಎನರ್ಜಿ ಸಮೀಕರಣ ಎರಡೂ ಚಾಲೂ ಇವೆ. ಸೋರಿಕೆಯ ತೂತಿನಲ್ಲಿ ಅಮೋನಿಯಾದ ಮಾಸ್ ಫ್ರ್ಯಾಕ್ಷನ್ (ತೂಕದಲ್ಲಿ ಅದರ ಪಾಲು) 1, ಉಷ್ಣಾಂಶ 30 ಡಿಗ್ರಿ.

ನನ್ನನ್ನು ಕಾಡುತ್ತಿರುವುದು ಮೂರು ಸಂಗತಿ. ಮೊದಲನೆಯದಾಗಿ, ಸಿಮ್ಯುಲೇಶನ್‌ನಲ್ಲಿ ಅನಿಲವು ತೂತಿನಿಂದ ಹೊರಟು ನೇರವಾಗಿ ಮಾಡಿನ ಕಡೆಗೆ ಏರಿಬಿಡುತ್ತದೆ, ಆದರೆ ಪ್ಲಾಂಟ್‌ಗಳಲ್ಲಿ ದುಡಿದವರನ್ನು ವಿಚಾರಿಸಿದರೆ ಬಿಳಿ ಹೊಗೆ ನೆಲದ ಮೇಲೆಯೇ ಹರಿದು ಬಂದು ಆಮೇಲೆ ಮೇಲೆದ್ದಿತು ಎಂದು ಎಲ್ಲರೂ ಹೇಳುತ್ತಾರೆ. ಎರಡನೆಯದಾಗಿ, ಸೋರಿಕೆ ಆರಂಭವಾದ ತಕ್ಷಣವೇ, ಅನಿಲ ತಲುಪಲು ಸಾಧ್ಯವೇ ಇಲ್ಲದ ದೂರದ ಮೂಲೆಯಲ್ಲೂ ಅಮೋನಿಯಾ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಮೂರನೆಯದಾಗಿ, ಇದು ಒಂದಕ್ಕಿಂತ ಹೆಚ್ಚು ದ್ರವ್ಯಗಳ ಪ್ರಶ್ನೆಯಾದ್ದರಿಂದ ಮಲ್ಟಿಫೇಸ್ ಮಾಡೆಲ್ ಅನ್ನೇ ಬಳಸಬೇಕೆಂದು ಸ್ನೇಹಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಅದು ಸರಿಯೇ? ತಿಳಿದವರು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಪಣಂಬೂರು ಪ್ರೋಸೆಸ್

ಒಳ್ಳೆಯ ವಿಷಯ ಆರಿಸಿಕೊಂಡಿದ್ದೀರಿ. ನಿಮ್ಮ ಮೂರನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

ಎಷ್ಟು ದ್ರವ್ಯಗಳಿವೆ ಎಂಬುದರ ಮೇಲೆ ಮಾಡೆಲ್ ತೀರ್ಮಾನವಾಗುವುದಿಲ್ಲ. ಅವು ಅಣುಮಟ್ಟದಲ್ಲಿ ಬೆರೆತಿವೆಯೋ ಅಥವಾ ನಡುವೆ ಒಂದು ಮೇಲ್ಮೈಯನ್ನು ಉಳಿಸಿಕೊಂಡಿವೆಯೋ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ನೇತ್ರಾವತಿಯ ಅಳಿವೆಬಾಗಿಲಿನಲ್ಲಿ ಹೊಳೆನೀರು ಮತ್ತು ಉಪ್ಪುನೀರು ಸೇರುವಾಗ ಅಲ್ಲಿರುವುದು ಒಂದೇ ದ್ರವ, ಅದರೊಳಗೆ ಉಪ್ಪಿನ ಪ್ರಮಾಣ ಮಾತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅದೇ ನೀರಿನ ಮೇಲೆ ದೋಣಿಯ ಡೀಸೆಲ್ ತೇಲುತ್ತಿದ್ದರೆ ಅವು ಎರಡು ಬೇರೆ ಫೇಸ್‌ಗಳು. ಮೊದಲನೆಯದಕ್ಕೆ ಸ್ಪೀಷೀಸ್ ಟ್ರಾನ್ಸ್‌ಪೋರ್ಟ್, ಎರಡನೆಯದಕ್ಕೆ ವಿ.ಒ.ಎಫ್. ಅಥವಾ ಯೂಲೇರಿಯನ್ ಎಂಬ ಮಲ್ಟಿಫೇಸ್ ಮಾಡೆಲ್. ಅನಿಲಗಳು ಒಂದರೊಳಗೊಂದು ಪೂರ್ತಿ ಬೆರೆಯುವುದರಿಂದ ನೀವು ಆರಿಸಿಕೊಂಡ ಮಾಡೆಲ್ ತಪ್ಪಲ್ಲ. ಫ್ಲೂಯೆಂಟ್‌ನಲ್ಲಿ ಮಿಕ್ಸ್ಚರ್ ಎಂಬ ಪದವು ಸ್ಪೀಷೀಸ್ ಮಾಡೆಲ್‌ನ ವಸ್ತುವಿನ ಹೆಸರಾಗಿಯೂ ಬರುತ್ತದೆ, ಮಲ್ಟಿಫೇಸ್ ಮಾಡೆಲ್ ಒಂದರ ಹೆಸರಾಗಿಯೂ ಬರುತ್ತದೆ. ಅವೆರಡಕ್ಕೂ ಸಂಬಂಧವಿಲ್ಲ.

ಆದರೆ ನಿಮ್ಮ ಸ್ನೇಹಿತರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ನಿಮ್ಮ ಸೋರಿಕೆ ಪ್ಲಾಂಟ್‌ನ ಯಾವ ಭಾಗದಲ್ಲಿದೆ? ಕಂಪ್ರೆಸರ್‌ನ ಡಿಸ್ಚಾರ್ಜ್ ಕೊಳವೆಯಲ್ಲಿದ್ದರೆ ಹೊರಬರುವುದು ಆವಿ. ದ್ರವ ಅಮೋನಿಯಾ ಸಂಗ್ರಹವಾಗುವ ರಿಸೀವರ್‌ನಿಂದ ಮುಂದಿನ ಕೊಳವೆಯಲ್ಲಿದ್ದರೆ ಹೊರಬರುವುದು ಒತ್ತಡದಲ್ಲಿರುವ ದ್ರವ. 30 ಡಿಗ್ರಿಯಲ್ಲಿ ಅಮೋನಿಯಾದ ಸಂತೃಪ್ತ ಒತ್ತಡ ಸುಮಾರು 11.7 ಬಾರ್. ಅಲ್ಲಿಂದ ಒಮ್ಮೆಲೇ ವಾತಾವರಣದ ಒತ್ತಡಕ್ಕೆ ಬಂದ ದ್ರವವು ಮೈನಸ್ 33 ಡಿಗ್ರಿಗೆ ಇಳಿಯಲೇಬೇಕು, ಮತ್ತು ಆ ಇಳಿತದಲ್ಲಿ ಬಿಡುಗಡೆಯಾದ ಶಾಖವು ದ್ರವದ ಐದರಲ್ಲೊಂದು ಭಾಗವನ್ನು ಮಾತ್ರ ಆವಿ ಮಾಡಬಲ್ಲುದು. ಉಳಿದ ಸುಮಾರು 79 ಪ್ರತಿಶತ ಸಣ್ಣ ಹನಿಗಳಾಗಿ ಗಾಳಿಯಲ್ಲಿ ಹಾರುತ್ತದೆ, ಇಲ್ಲವೇ ನೆಲದಲ್ಲಿ ನಿಲ್ಲುತ್ತದೆ. ಹೊಗೆ ನೆಲದಲ್ಲಿ ಹರಿಯಲು ಕಾರಣ ಈ ಹನಿಗಳು.

ಕೈಲೆಕ್ಕ ಮಾಡಿ ನೋಡಿ. ನಮ್ಮ ಕರಾವಳಿಯ 30 ಡಿಗ್ರಿಯ ತೇವದ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.15 ಕೆ.ಜಿ., ಅದೇ ಉಷ್ಣಾಂಶದ ಅಮೋನಿಯಾದ್ದು 0.68. ಬರೀ ಆವಿಯನ್ನು ಮೈನಸ್ 33 ಡಿಗ್ರಿಗೆ ತಂಪು ಮಾಡಿದರೂ 0.9ಕ್ಕಿಂತ ಮೇಲೇರುವುದಿಲ್ಲ, ಅಂದರೆ ತಣ್ಣನೆಯ ಶುದ್ಧ ಆವಿಯೂ ಗಾಳಿಗಿಂತ ಹಗುರವೇ. ಹನಿಗಳು ಬಂದಾಗ ಲೆಕ್ಕ ತಿರುವುಮುರುವಾಗುತ್ತದೆ. ಒಂದು ಕೆ.ಜಿ. ಸೋರಿಕೆಯಲ್ಲಿ ಉಳಿದ ಹನಿಗಳೆಲ್ಲ ಆವಿಯಾಗಲು, ಗುಪ್ತೋಷ್ಣ ಕೆ.ಜಿ.ಗೆ 1370 ಕಿಲೋಜೂಲ್ ಎಂದು ಹಿಡಿದರೆ, ಹತ್ತಿರ ಹತ್ತಿರ 1080 ಕಿಲೋಜೂಲ್ ಬೇಕು. ಅದನ್ನು ಕೊಡುವುದು ಸುತ್ತಲಿನ ಗಾಳಿ. ಒಣ ಗಾಳಿಯಾದರೆ 17 ಕೆ.ಜಿ.ಯಷ್ಟು ಗಾಳಿ ಮೈನಸ್ 33ರವರೆಗೆ ತಣ್ಣಗಾಗಬೇಕು. ಹಾಗೆ ಉಂಟಾದ ಮಿಶ್ರಣದ ಸಾಂದ್ರತೆ ಸುಮಾರು 1.4. ಅಳಿವೆಯಲ್ಲಿ ಸಮುದ್ರದ ನೀರು ಹೊಳೆನೀರಿಗಿಂತ ಎರಡೂವರೆ ಪ್ರತಿಶತದಷ್ಟು ಮಾತ್ರ ಭಾರವಾಗಿದ್ದೂ ಅಡಿಯಿಂದ ನುಗ್ಗಿ ಮೇಲಕ್ಕೆ ಸಾಗುತ್ತದೆ. ಇಲ್ಲಿರುವ ವ್ಯತ್ಯಾಸ 20 ಪ್ರತಿಶತಕ್ಕೂ ಹೆಚ್ಚು.

ಹೀಗಾಗಿ ನಿಮ್ಮ ಪ್ಲಾಂಟ್‌ನವರು ಕಂಡದ್ದೂ ನಿಜ, ನಿಮ್ಮ ಸಿಮ್ಯುಲೇಶನ್ ತೋರಿಸಿದ್ದೂ ಅದಕ್ಕೆ ಕೊಟ್ಟ ಪರಿಸ್ಥಿತಿಗೆ ಸರಿಯಾಗಿಯೇ ಇದೆ. 30 ಡಿಗ್ರಿಯ ಶುದ್ಧ ಆವಿಯನ್ನು ತೂತಿನಿಂದ ಬಿಟ್ಟರೆ ಅದು ಏರದೆ ಇನ್ನೇನು ಮಾಡೀತು?

ಉದ್ಯಾವರ ಮೆಕ್ಯಾನಿಕಲ್

ಬಹಳ ಉಪಕಾರವಾಯಿತು ಸರ್. ಸೋರಿಕೆ ರಿಸೀವರ್‌ನ ಕೆಳಗಿನ ದ್ರವದ ಕೊಳವೆಯಲ್ಲೇ ಇದೆ, 2 ಮಿ.ಮೀ. ವ್ಯಾಸದ ತೂತು ಎಂದು ಊಹಿಸಿಕೊಂಡಿದ್ದೇನೆ. ಹಾಗಾದರೆ ಹನಿಗಳು ಪೂರ್ತಿ ಆವಿಯಾದ ಜಾಗದಲ್ಲಿ ಒಂದು ಕಾಲ್ಪನಿಕ ಇನ್‌ಲೆಟ್ ಇಟ್ಟು, ಅಲ್ಲಿಂದ ಮೈನಸ್ 33 ಡಿಗ್ರಿಯ ಗಾಳಿ–ಅಮೋನಿಯಾ ಮಿಶ್ರಣವನ್ನು ಒಳಗೆ ಬಿಟ್ಟರೆ ಸಾಕಾಗುತ್ತದೆಯೇ?

ಉತ್ತರ: ಕುಂದಾಪುರ ಫೋಮ್

ಬಯಲಿನಲ್ಲಿ ಆ ಉಪಾಯ ನಡೆಯುತ್ತದೆ. ಕೋಣೆಯೊಳಗೆ ನಡೆಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್‌ಲೆಟ್‌ನಿಂದ ಒಂದು ಪಾಲು ಅಮೋನಿಯಾದ ಜೊತೆ ಹತ್ತು ಹದಿನೇಳು ಪಾಲು ಗಾಳಿಯನ್ನೂ ನೀವು ಹೊರಗಿನಿಂದ ತಂದು ಸುರಿದ ಹಾಗಾಗುತ್ತದೆ, ಆದರೆ ನಿಜದಲ್ಲಿ ಆ ಗಾಳಿ ಕೋಣೆಯೊಳಗಿನಿಂದಲೇ ಜೆಟ್‌ಗೆ ಸೆಳೆಯಲ್ಪಡುತ್ತದೆ. ಬಾಗಿಲು ಮತ್ತು ಫ್ಯಾನ್‌ನ ಹರಿವನ್ನೇ ಅಳೆಯಲು ಹೊರಟಿರುವಾಗ ಇಷ್ಟು ಗಾಳಿಯನ್ನು ಹೊಸದಾಗಿ ಸೇರಿಸಿದರೆ ಫಲಿತಾಂಶಕ್ಕೆ ಬೆಲೆಯಿರುವುದಿಲ್ಲ.

ಇನ್‌ಲೆಟ್‌ನ ಬದಲು ಸೋರ್ಸ್ ಟರ್ಮ್ ಬಳಸಿ, ಅಂದರೆ ಲೆಕ್ಕಕ್ಕಾಗಿ ಕೋಣೆಯನ್ನು ವಿಂಗಡಿಸಿದ ಸೆಲ್‌ಗಳಲ್ಲಿ ಕೆಲವಕ್ಕೆ ದ್ರವ್ಯವನ್ನೂ ಶಾಖವನ್ನೂ ನೇರವಾಗಿ ಸೇರಿಸಿ. 2 ಮಿ.ಮೀ. ತೂತಿನಿಂದ, ಡಿಸ್ಚಾರ್ಜ್ ಗುಣಾಂಕ 0.6 ಎಂದು ಹಿಡಿದು, ದ್ರವವಾಗಿಯೇ ಹೊರಬಂದರೆ ಸೆಕೆಂಡಿಗೆ ಸುಮಾರು 67 ಗ್ರಾಂ ಅಮೋನಿಯಾ ಬರುತ್ತದೆ. ಅದೇ ತೂತು ಅದೇ ಒತ್ತಡದ ಆವಿಯ ಕೊಳವೆಯಲ್ಲಿದ್ದಿದ್ದರೆ ಬರುತ್ತಿದ್ದುದು 4 ಗ್ರಾಂನಷ್ಟು ಮಾತ್ರ. ಜೆಟ್‌ನ ದಿಕ್ಕಿನಲ್ಲಿ ಒಂದು ಸಣ್ಣ ಶಂಕುವಿನಾಕಾರದ ಸೆಲ್ ವಲಯವನ್ನು ಗುರುತಿಸಿ, ಅದರೊಳಗೆ ಸೆಕೆಂಡಿಗೆ 0.067 ಕೆ.ಜಿ. ಅಮೋನಿಯಾವನ್ನು ಮೈನಸ್ 33 ಡಿಗ್ರಿಯ ಆವಿಯಾಗಿ ಸೇರಿಸಿ. ಹನಿಗಳು ಆವಿಯಾಗಲು ಹೀರುವ ಶಾಖವನ್ನು ಅದೇ ವಲಯದಲ್ಲಿ ಋಣ ಎನರ್ಜಿ ಸೋರ್ಸ್ ಆಗಿ ಕೊಡಿ. ಪಣಂಬೂರಿನವರ ಲೆಕ್ಕದಂತೆ ಅದು ಸುಮಾರು 72 ಕಿಲೋವ್ಯಾಟ್. ಜೆಟ್‌ನ ವೇಗಕ್ಕೆ ಮೊಮೆಂಟಮ್ ಸೋರ್ಸ್ ಬೇರೆಯೇ ಕೊಡಬೇಕು. ವಲಯ ತೀರ ಚಿಕ್ಕದಾಗಿದ್ದರೆ ಕೆಲವು ಸೆಲ್‌ಗಳ ಉಷ್ಣಾಂಶ ಅಸಾಧ್ಯ ಮಟ್ಟಕ್ಕೆ ಕುಸಿಯುತ್ತದೆ, ಆದ್ದರಿಂದ ಒಳಗೆ ಸಾಕಷ್ಟು ಗಾಳಿ ಬಂದು ಸೇರುವಷ್ಟು ಉದ್ದ ಇರಲಿ. ಕಂಪ್ಯೂಟರ್‌ಗೆ ಶಕ್ತಿಯಿದ್ದರೆ ಡಿಸ್ಕ್ರೀಟ್ ಫೇಸ್ ಮಾಡೆಲ್‌ನಲ್ಲಿ ಹನಿಗಳನ್ನು ನೇರವಾಗಿ ಬಿಡುವುದು ಇದಕ್ಕಿಂತ ಉತ್ತಮ, ಆದರೆ ಹನಿಯ ಗಾತ್ರವನ್ನು ಊಹಿಸಬೇಕಾಗುತ್ತದೆ ಮತ್ತು ಆ ಊಹೆಯನ್ನು ಪರೀಕ್ಷಕರ ಮುಂದೆ ಸಮರ್ಥಿಸಬೇಕಾಗುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ದೂರದ ಮೂಲೆಯ ಅಮೋನಿಯಾ. ಇದು ನೀವು ಘಟಕಗಳನ್ನು ಕೊಟ್ಟ ಕ್ರಮದಿಂದ ಬಂದದ್ದು. ನಾಲ್ಕು ಘಟಕಗಳಿದ್ದರೆ ಫ್ಲೂಯೆಂಟ್ ಮೊದಲ ಮೂರಕ್ಕೆ ಮಾತ್ರ ಸಮೀಕರಣ ಬಿಡಿಸುತ್ತದೆ. ಪಟ್ಟಿಯ ಕೊನೆಯದನ್ನು ಒಂದರಿಂದ ಉಳಿದವುಗಳ ಮೊತ್ತವನ್ನು ಕಳೆದು ಪಡೆಯುತ್ತದೆ. ನಿಮ್ಮ ಪಟ್ಟಿಯಲ್ಲಿ ಕೊನೆಯದು ಅಮೋನಿಯಾ. ಆಮ್ಲಜನಕ, ಸಾರಜನಕ, ನೀರಾವಿಗಳ ಲೆಕ್ಕದಲ್ಲಿ ಉಳಿಯುವ ಚಿಕ್ಕಪುಟ್ಟ ದೋಷವೆಲ್ಲ ಸೇರಿ ಅಮೋನಿಯಾದ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಿದೆ. ಸಾರಜನಕದ ಮಾಸ್ ಫ್ರ್ಯಾಕ್ಷನ್ ಮುಕ್ಕಾಲರಷ್ಟಿರುವಾಗ ಅದರಲ್ಲಿ ಹತ್ತು ಸಾವಿರದಲ್ಲೆರಡರಷ್ಟು ದೋಷ ಯಾರ ಕಣ್ಣಿಗೂ ಬೀಳದು, ಆದರೆ ನೀವು ಹುಡುಕುತ್ತಿರುವ ಅಪಾಯದ ಮಟ್ಟವೇ ಅಷ್ಟು. ಸಾರಜನಕವನ್ನು ಕೊನೆಗೆ ತನ್ನಿ. ಅತಿ ಹೆಚ್ಚು ಇರುವ ಘಟಕ ಕೊನೆಯಲ್ಲಿರಬೇಕು ಎಂಬ ನಿಯಮದ ಹಿಂದಿರುವುದು ಇದೇ ಕಾರಣ. ಓಪನ್‌ಫೋಮ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲೂ ಹೀಗೆಯೇ ಒಂದು ಘಟಕವನ್ನು ಉಳಿಕೆಯದೆಂದು ಹೆಸರಿಸಬೇಕಾಗುತ್ತದೆ. ಜೊತೆಗೆ ಡಬಲ್ ಪ್ರಿಸಿಷನ್ ಬಳಸಿ, ಮತ್ತು ಸ್ಪೀಷೀಸ್‌ಗಳ ರೆಸಿಡ್ಯುವಲ್ (ಉಳಿಕೆ ದೋಷ) ಮಿತಿಯನ್ನು ಸಾವಿರದಲ್ಲೊಂದು ಎಂಬ ಮೂಲ ಸೆಟ್ಟಿಂಗ್‌ನಲ್ಲೇ ಬಿಡದೆ ಹತ್ತು ಲಕ್ಷದಲ್ಲೊಂದಕ್ಕೆ ಇಳಿಸಿ.

ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಬಗ್ಗೆಯೂ ಎಚ್ಚರವಿರಲಿ. ತಕ್ಷಣದ ಜೀವಾಪಾಯದ ಮಟ್ಟವೆಂದು ಹೇಳುವ 300 ಪಿಪಿಎಂ ಮೋಲ್ ಲೆಕ್ಕದ್ದು, ಅಂದರೆ ತೂಕದ್ದಲ್ಲ, ಅಣುಗಳ ಸಂಖ್ಯೆಯದು. ಅಮೋನಿಯಾದ ಅಣುತೂಕ 17, ತೇವದ ಗಾಳಿಯದು 28.6. ಆದ್ದರಿಂದ 300 ಪಿಪಿಎಂ ಎಂದರೆ ಮಾಸ್ ಫ್ರ್ಯಾಕ್ಷನ್‌ನಲ್ಲಿ 0.00018. ಮಾಸ್ ಫ್ರ್ಯಾಕ್ಷನ್ 0.0003ರ ಗೆರೆಯನ್ನು 300 ಪಿಪಿಎಂ ಎಂದು ವರದಿಯಲ್ಲಿ ಬರೆದರೆ, ಅದು ನಿಜದಲ್ಲಿ 500 ಪಿಪಿಎಂ ಗೆರೆಯಾಗಿರುತ್ತದೆ, ಮತ್ತು ಅದರ ಹೊರಗೆ ನಿಂತವನನ್ನು ಸುರಕ್ಷಿತನೆಂದು ನೀವು ಹೇಳಿದಂತಾಗುತ್ತದೆ.

ಇನ್ನೊಂದು ಸೆಟ್ಟಿಂಗ್: ಆಪರೇಟಿಂಗ್ ಡೆನ್ಸಿಟಿ, ಅಂದರೆ ಏರಿಳಿತದ ಲೆಕ್ಕಕ್ಕೆ ಹೋಲಿಕೆಯಾಗಿ ಹಿಡಿಯುವ ಸಾಂದ್ರತೆ. ಗುರುತ್ವ ಚಾಲೂ ಇರುವಾಗ ಇದನ್ನು ನೀವೇ ಕೊಡದಿದ್ದರೆ ಸಾಫ್ಟ್‌ವೇರ್ ಇಡೀ ಕೋಣೆಯ ಸರಾಸರಿಯನ್ನು ತೆಗೆದುಕೊಳ್ಳುತ್ತದೆ, ಮತ್ತು ಕೋಣೆಯಲ್ಲಿ ತಂಪು ತುಂಬುತ್ತ ಹೋದಂತೆ ಆ ಸರಾಸರಿ ಬದಲಾಗಿ ಬಾಗಿಲಿನ ಪ್ರೆಶರ್ ಔಟ್‌ಲೆಟ್‌ನಲ್ಲಿ ಇಲ್ಲದ ಹರಿವು ಹುಟ್ಟುತ್ತದೆ. ಹೊರಗಿನ ಗಾಳಿಯ 1.15 ಅನ್ನು ಅಲ್ಲಿ ನೇರವಾಗಿ ನಮೂದಿಸಿ.

ಉತ್ತರ: ಪಣಂಬೂರು ಪ್ರೋಸೆಸ್

ಕುಂದಾಪುರದವರ ಆಕ್ಷೇಪ ಸರಿಯಾಗಿದೆ, ಮುಚ್ಚಿದ ಕೋಣೆಗೆ ಸೋರ್ಸ್ ಟರ್ಮ್ ದಾರಿಯೇ ಒಳ್ಳೆಯದು. ಅದಕ್ಕೆ ನೀರಾವಿಯ ವಿಷಯವನ್ನು ಸೇರಿಸಲೇಬೇಕು, ಏಕೆಂದರೆ ನಮ್ಮ ಊರಿನ ಹವೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

30 ಡಿಗ್ರಿಯಲ್ಲಿ 80 ಪ್ರತಿಶತ ಆರ್ದ್ರತೆ ಇದ್ದರೆ ಗಾಳಿಯಲ್ಲಿ ನೀರಾವಿಯ ಮಾಸ್ ಫ್ರ್ಯಾಕ್ಷನ್ ಸುಮಾರು 0.021, ಆಮ್ಲಜನಕದ್ದು 0.227, ಉಳಿದದ್ದನ್ನು ಸಾರಜನಕವೆಂದು ಹಿಡಿಯಬಹುದು. ಕೋಣೆಯ ಆರಂಭಿಕ ಸ್ಥಿತಿಗೂ, ಬಾಗಿಲಿನಿಂದ ಹಿಂದಿರುಗಿ ಬರುವ ಗಾಳಿಗೂ ಇದೇ ಸಂಖ್ಯೆಗಳನ್ನು ಕೊಡಿ. ಎರಡನೆಯದನ್ನು ಖಾಲಿ ಬಿಟ್ಟರೆ ಬಾಗಿಲಿನಿಂದ ಶುದ್ಧ ಸಾರಜನಕ ಒಳಗೆ ಬರುತ್ತದೆ.

ಈ ಗಾಳಿಯ ಒಂದು ಕೆ.ಜಿ. ಮೈನಸ್ 33 ಡಿಗ್ರಿಗೆ ತಣ್ಣಗಾದರೆ ಬರಿಯ ಉಷ್ಣಾಂಶದ ಇಳಿತದಿಂದ 64 ಕಿಲೋಜೂಲ್ ಶಾಖ ಸಿಗುತ್ತದೆ. ಅದರಲ್ಲಿರುವ ನೀರಾವಿ ಹನಿಯಾಗಿ, ಹಿಮವಾಗಿ ಮಾರ್ಪಡುವುದರಿಂದ ಇನ್ನೂ 60ರಷ್ಟು ಸಿಗುತ್ತದೆ. ಅಂದರೆ ನಮ್ಮ ತೇವದ ಗಾಳಿಯಲ್ಲಿ ಅಮೋನಿಯಾ ಹನಿಗಳು ಒಣ ಗಾಳಿಗೆ ಹೋಲಿಸಿದರೆ ಅರ್ಧದಷ್ಟು ಗಾಳಿಯಲ್ಲೇ, 9 ಕೆ.ಜಿ.ಯಷ್ಟರಲ್ಲೇ, ಆವಿಯಾಗಿ ಮುಗಿಯುತ್ತವೆ. ಮಿಶ್ರಣದ ಸಾಂದ್ರತೆ ಆಗಲೂ 1.4ರ ಆಸುಪಾಸಿನಲ್ಲೇ ಇರುತ್ತದೆ, ಆದರೆ ಮೋಲ್ ಲೆಕ್ಕದಲ್ಲಿ ಅಮೋನಿಯಾದ ಪಾಲು 9 ಪ್ರತಿಶತದ ಬದಲು 16ರ ಮೇಲೆ ಹೋಗುತ್ತದೆ. ಅಮೋನಿಯಾ ಹೊತ್ತಿಕೊಳ್ಳುವ ವ್ಯಾಪ್ತಿ 15ರಿಂದ 28 ಪ್ರತಿಶತ ಎಂಬುದನ್ನು ನೆನಪಿಡಿ. ಇದು ಒರಟು ಲೆಕ್ಕ. ಹನಿಗಳು ಗಾಳಿಯಲ್ಲಿ ಕುದಿಬಿಂದುವಿಗಿಂತಲೂ ಕೆಳಕ್ಕೆ ತಣ್ಣಗಾಗುವುದನ್ನೂ, ಅಮೋನಿಯಾ ನೀರಿನ ಹನಿಯಲ್ಲಿ ಕರಗುವುದನ್ನೂ ಇದರಲ್ಲಿ ಬಿಟ್ಟಿದ್ದೇನೆ. ಆದರೂ ದಿಕ್ಕು ಇದೇ. ಕೆಲಸದವರು ಹೇಳುವ ಬಿಳಿ ಹೊಗೆಯಲ್ಲಿ ಬಹುಪಾಲು ಹೀಗೆ ಸಾಂದ್ರಗೊಂಡ ನೀರೇ. ಅಮೋನಿಯಾ ಆವಿಗೆ ಬಣ್ಣವಿಲ್ಲ.

ಸ್ಪೀಷೀಸ್ ಮಾಡೆಲ್ ತಾನಾಗಿ ನೀರಾವಿಯನ್ನು ಸಾಂದ್ರಗೊಳಿಸುವುದಿಲ್ಲ. ಮೈನಸ್ 30 ಡಿಗ್ರಿಯಲ್ಲೂ ಅದು ಆವಿಯಾಗಿಯೇ ಉಳಿದಿರುತ್ತದೆ. ಸಾಧ್ಯವಾದರೆ ಸಂತೃಪ್ತ ಮಟ್ಟವನ್ನು ಮೀರಿದ ನೀರಾವಿಯನ್ನು ತೆಗೆದು, ಅದರ ಗುಪ್ತೋಷ್ಣವನ್ನು ಎನರ್ಜಿ ಸಮೀಕರಣಕ್ಕೆ ಹಿಂದಿರುಗಿಸುವ ಒಂದು ಯು.ಡಿ.ಎಫ್. (ಬಳಸುವವರೇ ಬರೆದು ಸೇರಿಸುವ ಕೋಡ್) ಬರೆಯಿರಿ. ಆಗದಿದ್ದರೆ ಈ ಮಿತಿಯನ್ನು ವರದಿಯಲ್ಲಿ ಸ್ಪಷ್ಟವಾಗಿ ಹೇಳಿ.

ನೆಲದ ಬೌಂಡರಿ ಕಂಡೀಷನ್ ಅನ್ನು ಅಡಿಯಬ್ಯಾಟಿಕ್ (ಶಾಖ ದಾಟದ್ದು) ಎಂದು ಬಿಡಬೇಡಿ. ತಣ್ಣನೆಯ ಪದರವನ್ನು ಮತ್ತೆ ಹಗುರಗೊಳಿಸಿ ಮೇಲೆಬ್ಬಿಸುವುದರಲ್ಲಿ 30 ಡಿಗ್ರಿಯ ಕಾಂಕ್ರೀಟ್ ನೆಲದ ಪಾತ್ರ ದೊಡ್ಡದು. ಮೊದಲು ನೆಲದಲ್ಲಿ ಹರಿದು ಆಮೇಲೆ ಏರಿತು ಎಂಬ ಮಾತಿನ ಎರಡನೆಯ ಅರ್ಧ ಅಲ್ಲಿಂದ ಬರುತ್ತದೆ.

ವಿಸರಣ ಗುಣಾಂಕದ ಬಗ್ಗೆ ನೀವು ಕೇಳಲಿಲ್ಲ, ಆದರೆ ಪರೀಕ್ಷಕರು ಕೇಳುತ್ತಾರೆ. ಫ್ಲೂಯೆಂಟ್ ತಾನಾಗಿ ಕೊಡುವ 2.88 × 10⁻⁵ ಚದರ ಮೀಟರ್ ಪ್ರತಿ ಸೆಕೆಂಡ್ ಎಂಬ ಮೌಲ್ಯ ಎಲ್ಲ ಘಟಕಗಳಿಗೂ ಒಂದೇ. ಮೂರು ಅಥವಾ ಹೆಚ್ಚು ಅನಿಲಗಳಿರುವಾಗ ಒಂದರ ವಿಸರಣ ಇನ್ನೊಂದನ್ನು ಎಳೆದೊಯ್ಯಬಲ್ಲುದು. 1962ರಲ್ಲಿ ಡಂಕನ್ ಮತ್ತು ಟೂರ್ ಎರಡು ಗಾಜಿನ ಬುರುಡೆಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿ, ಜಲಜನಕ, ಸಾರಜನಕ, ಇಂಗಾಲದ ಡೈಆಕ್ಸೈಡ್‌ಗಳನ್ನು ತುಂಬಿ ಇದನ್ನು ತೋರಿಸಿದರು. ಎರಡೂ ಬುರುಡೆಗಳಲ್ಲಿ ಸಾರಜನಕ ಹೆಚ್ಚುಕಡಿಮೆ ಸಮನಾಗಿದ್ದರೂ ಅದು ಚಲಿಸಿತು, ಸ್ವಲ್ಪ ಕಾಲ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೂ ಹೋಯಿತು. ಮ್ಯಾಕ್ಸ್‌ವೆಲ್–ಸ್ಟೆಫಾನ್ ಸಮೀಕರಣಗಳು ಬೇಕಾಗುವುದು ಇಂಥಲ್ಲಿ. ನಿಮ್ಮ ಕೋಣೆಯಲ್ಲಿ ಮಾತ್ರ ಪ್ರಕ್ಷುಬ್ಧ ಹರಿವಿನ ಬೆರಕೆ ಅಣುಗಳ ವಿಸರಣಕ್ಕಿಂತ ಎಷ್ಟೋ ಪಟ್ಟು ಪ್ರಬಲ. ಆದ್ದರಿಂದ ಫುಲ್ ಮಲ್ಟಿಕಾಂಪೊನೆಂಟ್ ಡಿಫ್ಯೂಷನ್ ಆಯ್ಕೆಗೆ ಗಣಕದ ಸಮಯ ಸುರಿಯುವ ಬದಲು ಆ ಬೆರಕೆಯ ಪ್ರಮಾಣವನ್ನು ತೀರ್ಮಾನಿಸುವ ಟರ್ಬುಲೆಂಟ್ ಸ್ಮಿಟ್ ಸಂಖ್ಯೆಯನ್ನು 0.7ರ ಮೂಲ ಮೌಲ್ಯದಿಂದ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಬದಲಾಯಿಸಿ ಫಲಿತಾಂಶ ಎಷ್ಟು ಅಲುಗುತ್ತದೆ ನೋಡಿ.

ಉತ್ತರ: ಧಕ್ಕೆ ರೆಫ್ರಿಜರೇಶನ್

ನಾನು ಸಾಫ್ಟ್‌ವೇರ್ ಬಲ್ಲವನಲ್ಲ, ಮಂಗಳೂರಿನ ಧಕ್ಕೆಯ ಕಡೆ ಐಸ್ ಪ್ಲಾಂಟ್‌ಗಳ ಯಂತ್ರಗಳನ್ನು ನೋಡಿಕೊಳ್ಳುವವನು. ಇಲ್ಲಿಯ ಚರ್ಚೆಯನ್ನು ಓದಿದ ಮೇಲೆ, ಕೋಣೆಯಲ್ಲಿ ಮನುಷ್ಯ ಎಲ್ಲಿರುತ್ತಾನೆ ಎಂಬುದನ್ನು ತಿಳಿಸಬೇಕೆನಿಸಿತು.

ಅಮೋನಿಯಾ ಪ್ಲಾಂಟ್‌ನಲ್ಲಿ ಅಪಾಯದ ಕೆಲಸಗಳಲ್ಲಿ ಒಂದು ಎಣ್ಣೆ ಇಳಿಸುವುದು. ಕಂಪ್ರೆಸರ್‌ನ ಎಣ್ಣೆ ಅಮೋನಿಯಾದ ಜೊತೆ ಸಾಗಿ ಪಾತ್ರೆಗಳ ತಳದಲ್ಲಿ ಕೂರುತ್ತದೆ, ಅದನ್ನು ಕೆಳಗಿನ ವಾಲ್ವ್ ತೆರೆದು ಬಕೆಟ್‌ಗೆ ಬಿಡುತ್ತಾರೆ. ಮೊದಲು ದಪ್ಪ ಎಣ್ಣೆ ನಿಧಾನವಾಗಿ ಬರುತ್ತದೆ, ಅದು ಮುಗಿದ ಕ್ಷಣಕ್ಕೆ ಹಿಂದೆಯೇ ದ್ರವ ಅಮೋನಿಯಾ ಸಿಡಿದು ಬರುತ್ತದೆ. ಆ ಹೊತ್ತಿನಲ್ಲಿ ಆಪರೇಟರ್ ಕುಕ್ಕರುಗಾಲಿನಲ್ಲಿ ಕೂತಿರುತ್ತಾನೆ, ಅವನ ಮೂಗು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿರುತ್ತದೆ, ಒಂದು ಕೈ ವಾಲ್ವ್‌ನ ಮೇಲಿರುತ್ತದೆ. ನಿಂತ ಮನುಷ್ಯನ ತಲೆಯ ಎತ್ತರದಲ್ಲಿ ಪಿಪಿಎಂ ಅಳೆದು ಪರವಾಗಿಲ್ಲ ಎಂದು ಬರೆದರೆ ಅವನಿಗೆ ಉಪಯೋಗವಿಲ್ಲ. ಮುಕ್ಕಾಲು ಮೀಟರ್ ಎತ್ತರದಲ್ಲೂ ಒಂದು ಮಾನಿಟರ್ ಇಡಿ.

ಫ್ಯಾನ್ ವಿಷಯ. ಅಮೋನಿಯಾ ಹಗುರ ಎಂದು ಎಕ್ಸಾಸ್ಟ್ ಅನ್ನು ಮಾಡಿನ ಹತ್ತಿರ ಮಾತ್ರ ಇಡುವುದು ವಾಡಿಕೆ. ಆವಿಯ ಸಣ್ಣ ಸೋರಿಕೆಗೆ ಅದು ಸಾಕು. ದ್ರವ ಸೋರಿದಾಗ ಮೇಲಿನ ಫ್ಯಾನ್ ಬಾಗಿಲಿನಿಂದ ಗಾಳಿಯನ್ನು ಎಳೆಯುತ್ತದೆ, ಕೆಳಗಿನ ತಣ್ಣನೆಯ ಪದರ ಅಲ್ಲೇ ಉಳಿಯುತ್ತದೆ. ನೀವು ಎರಡೂ ಸೋರಿಕೆಗಳನ್ನು, ಮೇಲಿನ ಮತ್ತು ಕೆಳಗಿನ ಎರಡೂ ಫ್ಯಾನ್‌ಗಳೊಂದಿಗೆ ಬೇರೆ ಬೇರೆಯಾಗಿ ಓಡಿಸಿದರೆ ಪ್ಲಾಂಟ್‌ನವರಿಗೆ ಹೇಳಲು ನಿಮ್ಮ ಬಳಿ ಏನಾದರೂ ಇರುತ್ತದೆ. ಫ್ಯಾನ್ ಎಲ್ಲಿಗೆ ಊದುತ್ತದೆ ಎಂಬುದನ್ನೂ ನೋಡಬೇಕು. ಹಗಲಿನಲ್ಲಿ ನಮ್ಮಲ್ಲಿ ಗಾಳಿ ಕಡಲಿನಿಂದ ಊರಿನ ಕಡೆಗೆ ಬೀಸುತ್ತದೆ.

ದ್ರವ ನಿಂತಿರುವ ಜಾಗಕ್ಕೆ ನೀರು ಹಾಕಬಾರದು ಎಂಬುದನ್ನು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ನೀರಿನ ಬಿಸಿಗೆ ಅದು ಇನ್ನೂ ಜೋರಾಗಿ ಆವಿಯಾಗುತ್ತದೆ. ನೀರಿನ ಪರದೆ ಹಿಡಿಯಬೇಕಾದದ್ದು ಹರಡುತ್ತಿರುವ ಆವಿಗೆ.

ಉದ್ಯಾವರ ಮೆಕ್ಯಾನಿಕಲ್

ಎಲ್ಲರಿಗೂ ಕೃತಜ್ಞತೆಗಳು. ಧಕ್ಕೆಯವರು ಹೇಳಿದ ಹಾಗೆ ನಾಲ್ಕೂ ಪ್ರಕರಣಗಳನ್ನು ಓಡಿಸುತ್ತೇನೆ. ಕೊನೆಯದಾಗಿ ಒಂದು ಸಂದೇಹ: ನನ್ನ ಫಲಿತಾಂಶವನ್ನು ಹೋಲಿಸಿ ನೋಡಲು ಯಾವುದಾದರೂ ಪ್ರಯೋಗವಿದೆಯೇ? ಐಸ್ ಪ್ಲಾಂಟ್‌ನಲ್ಲಿ ಬೇಕೆಂದೇ ಅಮೋನಿಯಾ ಸೋರಿಸಲು ಸಾಧ್ಯವಿಲ್ಲವಲ್ಲ.

ಉತ್ತರ: ಕುಂದಾಪುರ ಫೋಮ್

ಕೋಣೆಯೊಳಗಿನದಲ್ಲ, ಆದರೆ ಬಯಲಿನದು ಇದೆ. 1983ರಲ್ಲಿ ಅಮೆರಿಕದ ನೆವಾಡ ಮರುಭೂಮಿಯಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಒತ್ತಡದ ದ್ರವ ಅಮೋನಿಯಾವನ್ನು ನಾಲ್ಕು ಸಲ ದೊಡ್ಡ ಪ್ರಮಾಣದಲ್ಲಿ ಬಿಟ್ಟು ಅಳೆದರು. ಡೆಸರ್ಟ್ ಟಾರ್ಟಾಯ್ಸ್ ಎಂಬುದು ಆ ಪ್ರಯೋಗಮಾಲೆಯ ಹೆಸರು. ಮೋಡವು ತಣ್ಣಗೆ, ಭಾರವಾಗಿ, ನೆಲಕ್ಕಂಟಿಕೊಂಡೇ ಹರಡಿತು. ಮೊದಲು ನಿಮ್ಮ ಸೋರ್ಸ್ ಟರ್ಮ್ ವಿಧಾನವನ್ನೇ ಬಳಸಿ ಅವುಗಳಲ್ಲಿ ಒಂದನ್ನು ಕಟ್ಟಿ, ಮೋಡದ ಎತ್ತರ ಮತ್ತು ಉಷ್ಣಾಂಶ ಹೊಂದುತ್ತವೆಯೇ ನೋಡಿ. ಹೊಂದಿದರೆ ಅದೇ ವಿಧಾನವನ್ನು ಕೋಣೆಗೆ ತನ್ನಿ.

ಓಡಿಸುವ ಮುನ್ನ ಕೈಯಲ್ಲೇ ಮಾಡಬಹುದಾದ ಒಂದು ತಾಳೆ ಇದೆ. ಸೆಕೆಂಡಿಗೆ 67 ಗ್ರಾಂನಂತೆ ಒಂದು ನಿಮಿಷಕ್ಕೆ 4 ಕೆ.ಜಿ. ಅಮೋನಿಯಾ, ಅಂದರೆ 30 ಡಿಗ್ರಿಯಲ್ಲಿ 6 ಘನಮೀಟರಿನಷ್ಟು. ನಿಮ್ಮ ಕೋಣೆ 480 ಘನಮೀಟರ್. ಫ್ಯಾನ್ ನಿಲ್ಲಿಸಿ, ಒಂದು ನಿಮಿಷದ ಕೊನೆಯಲ್ಲಿ ಇಡೀ ಕೋಣೆಯ ಸರಾಸರಿ ಮೋಲ್ ಫ್ರ್ಯಾಕ್ಷನ್ ಕೇಳಿದರೆ 12,000 ಪಿಪಿಎಂ ಆಸುಪಾಸಿನ ಸಂಖ್ಯೆ ಬರಬೇಕು, ಬಾಗಿಲಿನಿಂದ ಹೊರಹೋದದ್ದನ್ನು ಸೇರಿಸಿಕೊಂಡು. ಅದು ತಾಳೆಯಾಗದಿದ್ದರೆ ಬಣ್ಣದ ಚಿತ್ರಗಳು ಎಷ್ಟೇ ಚೆನ್ನಾಗಿ ಕಂಡರೂ ಸೋರ್ಸ್ ಟರ್ಮ್‌ನ ಯೂನಿಟ್‌ಗಳನ್ನು ಮತ್ತೊಮ್ಮೆ ನೋಡಿ. ಫ್ಲೂಯೆಂಟ್ ಅದನ್ನು ಪ್ರತಿ ಘನಮೀಟರಿನ ಲೆಕ್ಕದಲ್ಲಿ ಕೇಳುತ್ತದೆ, ಆದ್ದರಿಂದ ಸೆಕೆಂಡಿಗೆ 0.067 ಕೆ.ಜಿ.ಯನ್ನು ವಲಯದ ಘನಗಾತ್ರದಿಂದ ಭಾಗಿಸಿಯೇ ಕೊಡಬೇಕು.